ಮೋಡ ಕವಿದ ಕೂಲಿನ್ ಹತ್ತುವವರಿಗೆ: ಗೈಡ್, ಮಳೆ, ಒಂದಿಷ್ಟು ಗೇಲಿಕ್

ನಂದಿ ಬೆಟ್ಟದ ಎತ್ತರ 1478 ಮೀಟರ್. ಬ್ರಿಟನ್ನಿನಲ್ಲೇ ಅತಿ ಎತ್ತರದ ಬೆನ್ ನೆವಿಸ್ 1345. ನಾವು ಹೊರಟಿದ್ದ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಅತಿ ಎತ್ತರದ ಶಿಖರ ಬರೀ 992. ಗ್ಲಾಸ್ಗೋದ ನಮ್ಮ ಮನೆಯ ಸೋಫಾದಲ್ಲಿ ಕೂತು ಈ ಲೆಕ್ಕ ನೋಡಿದ ಭಾವ ಜೋರಾಗಿ ನಕ್ಕರು. "ಇದಕ್ಕೆ ದುಡ್ಡು ಕೊಟ್ಟು ಗೈಡ್ ಬೇರೆ ಬೇಕೇನೋ? ನಾವು ಕುಮಾರ ಪರ್ವತ ಹತ್ತಿ ಇಳಿದೋರು ಮಾರಾಯ."

ಮೂರು ದಿನ ಕಳೆದ ಮೇಲೆ ಅದೇ ಭಾವನ ಜಾಕೆಟ್ಟಿನ ಜಿಪ್ಪನ್ನು ಗೈಡ್ ಎಳೆದು ಹಾಕಬೇಕಾಯಿತು. ಅವರ ಬೆರಳುಗಳು ಮಡಚುತ್ತಿರಲಿಲ್ಲ. ಅದು ಜೂನ್ ತಿಂಗಳು.

ಸ್ಕಾಟ್ಲೆಂಡಿಗೆ ಓದಲು, ಕೆಲಸಕ್ಕೆ, ಮಗಳ ಮನೆಗೆ ಅಂತ ಬರುವ ನಮ್ಮವರು ಈಗ ಜಾಸ್ತಿ. ಸ್ಕೈ ದ್ವೀಪಕ್ಕೂ ಹೋಗುತ್ತಾರೆ. ರಸ್ತೆ ಬದಿಯಿಂದ ಫೋಟೋ ತೆಗೆದು ಬರುವವರಿಗೆ ಈ ಲೇಖನ ಬೇಡ. ಕಾರಿನ ಕಿಟಕಿಯಲ್ಲಿ ಕಾಣುವ ಆ ಕಪ್ಪು ಹಲ್ಲುಸಾಲಿನಂಥ ಗುಡ್ಡಗಳಿವೆಯಲ್ಲ, ಕೂಲಿನ್, ಅದರ ಮೇಲೆ ಹೋಗಬೇಕು ಅನ್ನಿಸಿದವರಿಗಾಗಿ ಬರೆದಿದ್ದೇನೆ. ಅಲ್ಲಿ ಹವಾಮಾನ ಕೆಡುವುದೇ ಮಾಮೂಲಿ. ಹಾಗಾಗಿ ಕೆಟ್ಟ ದಿನವನ್ನೇ ಲೆಕ್ಕಕ್ಕೆ ಹಿಡಿದು ಹೇಳುತ್ತೇನೆ.

ಯಾವ ಗುಡ್ಡ, ಯಾವ ತಿಂಗಳು

ಮೊದಲು ಎತ್ತರದ ಭ್ರಮೆ ಬಿಡಿ. ನಂದಿಗೆ ಕಾರಿನಲ್ಲಿ ಹೋಗುತ್ತೇವೆ. ಕೂಲಿನ್ ಹತ್ತುವುದು ಹೆಚ್ಚು ಕಡಿಮೆ ಸಮುದ್ರದ ಮಟ್ಟದಿಂದಲೇ. ಅಷ್ಟೂ ಎತ್ತರ ನಿಮ್ಮ ಕಾಲಿನದೇ ಖರ್ಚು. ಮೇಲಾಗಿ ಇದು 57 ಡಿಗ್ರಿ ಉತ್ತರದಲ್ಲಿರುವ ಜಾಗ. ಅಟ್ಲಾಂಟಿಕ್‌ನಿಂದ ಬರುವ ಗಾಳಿಗೆ ಮೊದಲು ಸಿಗುವ ಎತ್ತರದ ಗೋಡೆಗಳಲ್ಲಿ ಇದೂ ಒಂದು.

ಸ್ಕಾಟ್ಲೆಂಡಿನಲ್ಲಿ 3000 ಅಡಿ, ಅಂದರೆ 914 ಮೀಟರಿಗಿಂತ ಎತ್ತರದ ಶಿಖರಗಳಿಗೆ ಮನ್ರೋ ಅನ್ನುತ್ತಾರೆ. ಹ್ಯೂ ಮನ್ರೋ ಎಂಬಾತ 1891ರಲ್ಲಿ ಮೊದಲ ಪಟ್ಟಿ ಮಾಡಿದ. ಈಗ ಪಟ್ಟಿಯಲ್ಲಿ 282 ಇವೆ, ಸ್ಕೈ ದ್ವೀಪದಲ್ಲಿ 12. ಅದರಲ್ಲಿ ಹೆಚ್ಚಿನವಕ್ಕೆ ಕೈ ಊರಿ ಬಂಡೆ ಏರಬೇಕು, ಕೆಲವಕ್ಕೆ ಹಗ್ಗವೇ ಬೇಕು. 'ಇನ್‌ಆಕ್ಸೆಸಿಬಲ್ ಪಿನಾಕಲ್' ಅಂತ ಒಂದು ಬಂಡೆಯ ಈಟಿ ಇದೆ. ಪಟ್ಟಿ ಮಾಡಿದ ಮನ್ರೋಗೇ ಅದನ್ನು ಹತ್ತಲು ಆಗಲಿಲ್ಲ.

ಮೊದಲ ಸಲಕ್ಕೆ ನನ್ನ ಆಯ್ಕೆ 958 ಮೀಟರಿನ ಬ್ರೂಅಖ್ ನ ಫ್ರೀಹ. ಕೂಲಿನ್ ಸಾಲಿನಲ್ಲಿ ಇದೇ ಸಲೀಸು. ಫ್ಯೂನ್ ಖೊರ ಎಂಬ ಕೊಳ್ಳದ ಮೂಲಕ ಹೋದರೆ ಬಂಡೆ ಏರುವ ಕೆಲಸ ಬಹಳ ಕಡಿಮೆ. 1845ರಲ್ಲಿ ಇದನ್ನು ಹತ್ತಿದವರು ಇಬ್ಬರು. ಎಡಿನ್‌ಬರಾದ ಪ್ರಾಧ್ಯಾಪಕ ಜೇಮ್ಸ್ ಫೋರ್ಬ್ಸ್ ಒಬ್ಬ, ಅವನಿಗೆ ದಾರಿ ತೋರಿಸಿದ ಊರಿನವ ಡಂಕನ್ ಮ್ಯಾಕಿಂಟೈರ್ ಇನ್ನೊಬ್ಬ. ಹೊರಗಿನವನು ದುಡ್ಡು ತಂದ, ಊರಿನವನು ದಾರಿ ತಂದ. ಅಲ್ಲಿ ಗೈಡ್ ಕೆಲಸದ ಕಥೆ ಅಷ್ಟು ಹಳೆಯದು.

ತಿಂಗಳು ಮೇ, ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ತಡವಾದರೂ ಕತ್ತಲಾಗುವ ಭಯವಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಮೇಲೆ ಹಿಮ, ಮಂಜುಗಡ್ಡೆ ಇರಬಹುದು. ಅದು ಬೇರೆಯೇ ವಿದ್ಯೆ, ಅದರ ಗೋಜಿಗೆ ಇಲ್ಲಿ ಹೋಗುವುದಿಲ್ಲ.

ಗೈಡ್ ಹುಡುಕುವುದು

ಬೇರೆ ಗುಡ್ಡಗಳಲ್ಲಿ ಮ್ಯಾಪು, ದಿಕ್ಸೂಚಿ ಇದ್ದರೆ ಮೋಡದಲ್ಲೂ ಹೇಗೋ ದಾರಿ ಹಿಡಿಯಬಹುದು. ಕೂಲಿನ್‌ನಲ್ಲಿ ದಿಕ್ಸೂಚಿಯನ್ನು ಪೂರ್ತಿ ನಂಬುವಂತಿಲ್ಲ. ಅಲ್ಲಿನ ಗ್ಯಾಬ್ರೋ, ಬಸಾಲ್ಟ್ ಕಲ್ಲಿನಲ್ಲಿ ಕಾಂತಶಕ್ತಿ ಇದೆ. ಕೆಲವು ಕಡೆ ಬಂಡೆಯ ಹತ್ತಿರ ಹಿಡಿದರೆ ಮುಳ್ಳು ಬೇಕಾದ ಕಡೆ ತಿರುಗುತ್ತದೆ. ನಮ್ಮ ಗೈಡ್ ಒಂದು ಬಂಡೆಯ ಮೇಲಿಟ್ಟು ತೋರಿಸಿದ. ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ತೋರಿಸಿದ. ಉತ್ತರ ದಿಕ್ಕು ಬೇರೆಯಾಗಿತ್ತು. ಭಾವ ಆಗಲೇ ಸ್ವಲ್ಪ ಸುಮ್ಮನಾದರು.

ಗೈಡ್ ಅಂತ ಬೋರ್ಡು ಹಾಕಿಕೊಂಡವರೆಲ್ಲ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಅರ್ಹತೆಗಳ ಮೆಟ್ಟಿಲಿದೆ. 'ಮೌಂಟನ್ ಲೀಡರ್' ಆದವರು ಹಗ್ಗ ಬೇಕಿಲ್ಲದ ಗುಡ್ಡಗಳಲ್ಲಿ ನಡೆಸಿಕೊಂಡು ಹೋಗಬಹುದು. 'ಮೌಂಟನಿಯರಿಂಗ್ ಅಂಡ್ ಕ್ಲೈಂಬಿಂಗ್ ಇನ್‌ಸ್ಟ್ರಕ್ಟರ್' ಆದವರು ಹಗ್ಗ ಕಟ್ಟಿ ಬಂಡೆ ಏರಿಸಬಹುದು. ಎಲ್ಲಕ್ಕಿಂತ ಮೇಲೆ 'ಬ್ರಿಟಿಷ್ ಮೌಂಟನ್ ಗೈಡ್' ಎಂಬ ಅಂತರರಾಷ್ಟ್ರೀಯ ಮಾನ್ಯತೆ ಇದೆ. ಕೂಲಿನ್‌ಗೆ ಕೊನೆಯ ಎರಡರಲ್ಲಿ ಒಂದು ಇದ್ದವರನ್ನೇ ಹಿಡಿಯಿರಿ. ದಾರಿ ಸಲೀಸಾದರೂ ಮೋಡದಲ್ಲಿ ನೂರು ಮೀಟರ್ ತಪ್ಪಿದರೆ ಹಗ್ಗ ಬೇಕಾಗುವ ಜಾಗ ಅದು.

ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಒಬ್ಬ ಗೈಡಿಗೆ ಎಷ್ಟು ಜನ? ಹವಾಮಾನ ಕೆಟ್ಟರೆ ದಿನ ಬದಲಿಸುತ್ತೀರಾ, ಗುಡ್ಡ ಬದಲಿಸುತ್ತೀರಾ, ದುಡ್ಡು ವಾಪಸ್ಸಾ? ಯಾವ ಸಾಮಾನು ನೀವೇ ಕೊಡುತ್ತೀರಿ? ಎರಡನೆಯದಕ್ಕೆ ತಡವರಿಸದೆ ಉತ್ತರ ಕೊಟ್ಟರೆ ಒಳ್ಳೆಯ ಲಕ್ಷಣ. ನಾನು ಮೊದಲು ಮಾತಾಡಿದ ಒಬ್ಬರು "ಮಳೆ ಇದ್ದರೂ ತುದಿ ಮುಟ್ಟಿಸುತ್ತೇವೆ" ಅಂದರು. ಅವರನ್ನು ಅಲ್ಲೇ ಬಿಟ್ಟೆ.

ನೀವು ಕೂಡ ನಿಜ ಹೇಳಬೇಕು. ನಮ್ಮಲ್ಲಿ ಮರ್ಯಾದೆಗೆ ಅಂಜಿ ಮುಚ್ಚಿಡುವ ಅಭ್ಯಾಸ. ಮಂಡಿ ನೋವು, ಬಿಪಿ ಮಾತ್ರೆ, ಅಸ್ತಮಾ, ಎತ್ತರದ ಭಯ, ಕೊನೆಯ ಸಲ ಆರು ಗಂಟೆ ನಡೆದದ್ದು ಯಾವಾಗ, ಎಲ್ಲ ಹೇಳಿಬಿಡಿ.

ಒಂದಿಷ್ಟು ಗೇಲಿಕ್ ಪದ

ಇದನ್ನು ಬೇರೆ ಯಾರೂ ಸಾಮಾನಿನ ಪಟ್ಟಿಯಲ್ಲಿ ಹಾಕುವುದಿಲ್ಲ. ನಾನು ಮೊದಲಿಗೇ ಹಾಕುತ್ತೇನೆ.

ಸ್ಕೈ ದ್ವೀಪದ ಗುಡ್ಡ, ಹಳ್ಳ, ಕೊಳ್ಳಗಳ ಹೆಸರು ಬಹುಪಾಲು ಗೇಲಿಕ್ ಭಾಷೆಯಲ್ಲಿವೆ. ಸ್ಕಾಟ್ಲೆಂಡಿನ ಗೇಲಿಕ್ಕನ್ನು ಅವರು 'ಗಾಲಿಕ್' ಅನ್ನುತ್ತಾರೆ. 2022ರ ಜನಗಣತಿಯಲ್ಲಿ ಅದನ್ನು ಮಾತಾಡುವವರು ಸುಮಾರು 70 ಸಾವಿರ. ಮ್ಯಾಪಿನಲ್ಲಿ ಕಾಗುಣಿತ ನೋಡಿದರೆ ಗಾಬರಿಯಾಗುತ್ತದೆ. ಕನ್ನಡದವರಿಗೆ ಒಂದು ಅನುಕೂಲ ಇದೆ: ನಾವು ಕೇಳಿದ್ದನ್ನು ಕೇಳಿದ ಹಾಗೇ ಬರೆದಿಟ್ಟುಕೊಳ್ಳಬಹುದು. ನಾನು ಮ್ಯಾಪಿನ ಅಂಚಿನಲ್ಲಿ ಕನ್ನಡದಲ್ಲೇ ಉಚ್ಚಾರ ಗೀಚಿಕೊಂಡಿದ್ದೆ.

ಮೋಡ ಇಳಿದಾಗ ಕಣ್ಣಿಗೆ ಕಾಣುವುದು ಹತ್ತು ಹೆಜ್ಜೆ. ಆಗ ಈ ಹೆಸರುಗಳೇ ನೆಲ ಹೇಗಿದೆ ಅಂತ ಹೇಳುತ್ತವೆ. ಯಾಕೆಂದರೆ ಇವನ್ನು ಇಟ್ಟವರು ದನ, ಕುರಿ ಮೇಯಿಸಿಕೊಂಡು ಅಲ್ಲೇ ಓಡಾಡಿದವರು. 'ಸ್ಗೂರ್' ಅಂದರೆ ಚೂಪು ಬಂಡೆಯ ಶಿಖರ. 'ಬೇನ್' ಅಂದರೆ ಸಾಮಾನ್ಯ ಬೆಟ್ಟ. 'ಕೊರ' ಅಂದರೆ ಹಂಡೆ, ಕಡಾಯಿ. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ ಇರುವ ಕೊಳ್ಳ. ಕೊರದೊಳಗೆ ದಾರಿ ತಪ್ಪಿದರೆ ನೀರು ಹರಿಯುವ ಕಡೆಗೇ ಬಾಯಿ ಇರುತ್ತದೆ ಅಂತ ತಿಳಿಯಿರಿ. 'ಬ್ಯಾಲಖ್' ಅಂದರೆ ಎರಡು ಶಿಖರಗಳ ನಡುವಿನ ತಗ್ಗು, ದಾಟುವ ಜಾಗ. ಗಾಳಿಗೂ ಅದೇ ದಾಟುವ ಜಾಗ, ಜಾಕೆಟ್ ಅದಕ್ಕಿಂತ ಮೊದಲೇ ಹಾಕಿಕೊಳ್ಳಿ. 'ಔಲ್ಟ್' ಹಳ್ಳ. ಮ್ಯಾಪಿನಲ್ಲಿ ನಿಮ್ಮ ದಾರಿಗೆ ಅಡ್ಡವಾಗಿ ಎಷ್ಟು ಔಲ್ಟ್ ಇವೆ ಅಂತ ಎಣಿಸಿಕೊಳ್ಳಿ. ಮಳೆಯಲ್ಲಿ ಒಂದೊಂದೂ ಒಂದೊಂದು ಗೇಟು.

ಮೈಯ ಭಾಗಗಳ ಹೆಸರೂ ಉಂಟು. 'ಸ್ರೋನ್' ಮೂಗು, 'ದ್ರೂಇಮ್' ಬೆನ್ನು. ಕುದುರೆಮುಖ ಅನ್ನುವವರಿಗೆ, ಬೆಟ್ಟದ ನೆತ್ತಿ, ಬೆಟ್ಟದ ಬುಡ ಅನ್ನುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣಗಳಲ್ಲಿ 'ದೂ' ಕಪ್ಪು, 'ಜೆರಗ್' ಕೆಂಪು, 'ಫ್ಯೂನ್' ಬಿಳಿಚು. 'ಮೋರ್' ದೊಡ್ಡದು, 'ಬೆಗ್' ಚಿಕ್ಕದು. 'ಗರವ್' ಒರಟು, 'ಕಸ್' ಕಡಿದು. ಕೊನೆಯ ಎರಡು ಕಂಡರೆ ಸುಮ್ನೆ ಅಲ್ಲಿಗೆ ಇಳಿಯಲು ಹೋಗಬೇಡಿ.

ನಾವು ಹತ್ತುವ ಗುಡ್ಡದ ಹೆಸರನ್ನೇ ತೆಗೆದುಕೊಳ್ಳಿ. ಬ್ರೂಅಖ್ ಅಂದರೆ ಇಳಿಜಾರು, ಏರಿ. 'ಫ್ರೀ' ಅಂದರೆ ಜಿಂಕೆ ಬೇಟೆಯ ಕಾಡು. ಕಾಡು ಅಂದರೆ ಮರ ಹುಡುಕಬೇಡಿ. ಸ್ಕಾಟ್ಲೆಂಡಿನಲ್ಲಿ ಜಿಂಕೆ ಕಾಡು ಅಂದರೆ ಬೇಟೆಗೆ ಮೀಸಲಿಟ್ಟ ಬೋಳು ನೆಲ. ಹತ್ತೊಂಬತ್ತನೇ ಶತಮಾನದಲ್ಲಿ ಕುರಿಗಾಗಿ, ಜಿಂಕೆಗಾಗಿ ಜಮೀನ್ದಾರರು ಎಷ್ಟೋ ರೈತ ಕುಟುಂಬಗಳನ್ನು ಎಬ್ಬಿಸಿದರು. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಊರಿನವರು ಮೇವಿನ ಹಕ್ಕಿಗಾಗಿ ಪೊಲೀಸರ ಎದುರೇ ನಿಂತರು. ಮರುವರ್ಷ ನೇಪಿಯರ್ ಆಯೋಗ ವಿಚಾರಣೆಗೆ ಬಂತು, 1886ರಲ್ಲಿ ರೈತರನ್ನು ಸುಮ್ಮನೆ ಒಕ್ಕಲೆಬ್ಬಿಸದಂತೆ ಕಾಯ್ದೆಯಾಯಿತು. ಗೇಲಿಕ್ ಹೆಸರುಗಳು ನಕ್ಷೆಯಲ್ಲಿ ಉಳಿದು, ಹೆಸರು ಇಟ್ಟವರ ಮನೆಗಳು ಕಲ್ಲುಗುಡ್ಡೆಯಾದದ್ದು ಹೀಗೆ. ಸ್ಕೈ ದ್ವೀಪದಲ್ಲಿ ನಡೆಯುವಾಗ ಹುಲ್ಲಿನೊಳಗೆ ಮೊಣಕಾಲೆತ್ತರದ ಗೋಡೆ ಕಂಡರೆ ಅದರ ಮೇಲೆ ಕೂತು ಬೂಟು ಕಟ್ಟಬೇಡಿ.

ಆ ಆಯೋಗದ ಸದಸ್ಯರಲ್ಲಿ ಒಬ್ಬ ಅಲೆಕ್ಸಾಂಡರ್ ನಿಕೊಲ್ಸನ್. ಸ್ಕೈ ದ್ವೀಪದಲ್ಲೇ ಹುಟ್ಟಿದವನು, ಗೇಲಿಕ್ ಗಾದೆಗಳನ್ನು ಕೂಡಿಸಿಟ್ಟವನು. 1873ರಲ್ಲಿ ದ್ವೀಪದ ಅತಿ ಎತ್ತರದ ಶಿಖರವನ್ನು ಮೊದಲು ಹತ್ತಿದವನೂ ಅವನೇ. ಅದಕ್ಕೇ ಅದು ಸ್ಗೂರ್ ಅಲಸ್ಡೇರ್, ಅಲೆಕ್ಸಾಂಡರನ ಶಿಖರ. ಹತ್ತಿರದಲ್ಲೇ 948 ಮೀಟರಿನ ಸ್ಗೂರ್ ವಿಕ್ ಖೋನ್ಯಿಖ್ ಇದೆ, ಅಂದರೆ ಮೆಕೆನ್ಜಿಯ ಶಿಖರ. ಸ್ಕಾನ್ಸರ್ ಊರಿನ ಸಣ್ಣ ರೈತ ಜಾನ್ ಮೆಕೆನ್ಜಿ (1856–1933) ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದು ಪರ್ವತ ಗೈಡ್ ಕೆಲಸವನ್ನೇ ವೃತ್ತಿ ಮಾಡಿಕೊಂಡ ಮೊದಲಿಗ. ಗೈಡಿನ ಹೆಸರನ್ನು ಒಂದು ಶಿಖರಕ್ಕೆ ಇಟ್ಟಿದ್ದಾರೆ ಅಂತ ಕೇಳಿ ನನಗೆ ಖುಷಿಯಾಗಿತ್ತು.

ಹಿಂದಿನ ಸಂಜೆ

ಫೋನಿನ ಮಾಮೂಲಿ ಹವಾಮಾನ ಆ್ಯಪ್ ಊರಿಗೆ ಸರಿ, ಗುಡ್ಡಕ್ಕೆ ಸಾಲದು. 'ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವಿಸ್' ನೋಡಿ, ವಾಯವ್ಯ ಹೈಲ್ಯಾಂಡ್ಸ್ ವಿಭಾಗ. ಅದರಲ್ಲಿ ಗಾಳಿ ಎಷ್ಟು ಅನ್ನುವುದಷ್ಟೇ ಅಲ್ಲ, ಆ ಗಾಳಿ ನಿಮ್ಮನ್ನು ಏನು ಮಾಡುತ್ತದೆ ಅಂತಲೂ ಬರೆದಿರುತ್ತಾರೆ. ಶಿಖರಗಳು ಮೋಡದಿಂದ ಹೊರಗಿರುವ ಸಾಧ್ಯತೆ ಶೇಕಡಾ ಎಷ್ಟು ಅಂತಲೂ ಇರುತ್ತದೆ. ನಾವು ಹೋದ ದಿನ ಅದು ಹತ್ತು ಇತ್ತು. "ಹತ್ತು ಇದೆಯಲ್ಲ, ಪರವಾಗಿಲ್ಲ" ಅಂದರು ಭಾವ.

ಮಳೆಗಿಂತ ಮೊದಲು ಗಾಳಿ ನೋಡಿ. ನಾವು ಮಲೆನಾಡಿನವರು, ಮಳೆ ಕಂಡರೆ ಹೆದರುವುದಿಲ್ಲ. ಆದರೆ ಆಗುಂಬೆಯ ಮಳೆ ಬೆಚ್ಚಗಿನ ಮಳೆ. ಸ್ಕೈ ದ್ವೀಪದ್ದು ತಣ್ಣಗೆ, ಅಡ್ಡಡ್ಡ ಬರುತ್ತದೆ. ಕೆಳಗೆ 12 ಡಿಗ್ರಿ ಇದ್ದರೆ 950 ಮೀಟರಿನಲ್ಲಿ ಹತ್ತಿರ ಹತ್ತಿರ 6. ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಾಗುವುದು ಸೊನ್ನೆ. ಬಟ್ಟೆ ನೆನೆದಿದ್ದರೆ ಅದಕ್ಕಿಂತ ಕೆಳಗೆ. 65 ಕಿಲೋಮೀಟರ್ ದಾಟಿದರೆ ನೆಟ್ಟಗೆ ನಡೆಯುವುದೇ ಕಷ್ಟ. ಅಂಥ ದಿನ ಗೈಡ್ ಬೇಡ ಅಂದರೆ ವಾದ ಮಾಡಬೇಡಿ.

ಹೊತ್ತಿನ ಲೆಕ್ಕವನ್ನೂ ಸಂಜೆಯೇ ಮಾಡಿ. ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿಯ 1892ರ ಸೂತ್ರ ಇಂದಿಗೂ ನಡೆಯುತ್ತಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಮ್ಮ ದಾರಿ ಹೋಗಿ ಬರಲು ಸುಮಾರು 14 ಕಿಲೋಮೀಟರ್, ಏರಿಕೆ 950. ಸೂತ್ರದ ಪ್ರಕಾರ ನಾಲ್ಕೂವರೆ ಗಂಟೆ. ಮಳೆ, ಜೌಗು, ಊಟ, ಭಾವ, ಎಲ್ಲ ಸೇರಿಸಿದರೆ ಎಂಟು ಗಂಟೆ ಇಟ್ಟುಕೊಳ್ಳಿ.

ಬಟ್ಟೆ, ಬುತ್ತಿ

ಕಾಟನ್ ಬೇಡ. ಬನಿಯನ್ನಿನಿಂದ ಹಿಡಿದು ಸಾಕ್ಸ್‌ವರೆಗೆ ಒಂದೂ ಬೇಡ. ಹತ್ತಿ ನೆನೆದರೆ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಜೀನ್ಸ್ ಅಂತೂ ಒದ್ದೆ ಗೋಣಿಚೀಲ ಸುತ್ತಿಕೊಂಡ ಹಾಗೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಂಗಿ, ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚಗಿನ ಅಂಗಿ, ಅದರ ಮೇಲೆ ಟೋಪಿ ಇರುವ ಮಳೆ ಜಾಕೆಟ್. ಪ್ಯಾಂಟಿನ ಮೇಲೆ ಹಾಕುವ ಮಳೆ ಪ್ಯಾಂಟನ್ನು ನಮ್ಮವರು ಮರೆತೇ ಬಿಡುತ್ತಾರೆ. ಅದಿಲ್ಲದವರನ್ನು ಗೈಡ್ ಕಾರ್ ಪಾರ್ಕಿನಿಂದಲೇ ವಾಪಸ್ ಕಳಿಸಬಹುದು.

ಕೊಡೆ ಮನೆಯಲ್ಲೇ ಇರಲಿ. ಬ್ಯಾಗಿನ ಮೇಲೆ ಹಾಕುವ ರೇನ್ ಕವರ್ ಕೂಡ ಗಾಳಿಗೆ ನಿಲ್ಲುವುದಿಲ್ಲ. ನನ್ನದು ಗಾಳಿಪಟದ ಹಾಗೆ ಹಾರಿ ಹೋಯಿತು. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಎಲ್ಲ ತುಂಬುವುದೇ ವಾಸಿ. ಇನ್ನೊಂದು ಒಣ ಸ್ವೆಟರ್, ಉಣ್ಣೆ ಟೋಪಿ, ತಲೆ ಟಾರ್ಚ್, ಸೀಟಿ. ಕೈಗವಸು ಮೂರು ಜೊತೆ. ಹೌದು, ಮೂರು. ಒಂದು ನೆನೆಯುತ್ತದೆ, ಒಂದು ಹಾರುತ್ತದೆ, ಒಂದು ಕೈಯಲ್ಲಿರುತ್ತದೆ.

ಬೂಟು ಗಟ್ಟಿ ತಳದ್ದು ಬೇಕು. ಗ್ಯಾಬ್ರೋ ಕಲ್ಲು ಮರಳು ಕಾಗದದ ಹಾಗೆ ಒರಟು, ನೆನೆದರೂ ಹಿಡಿತ ಕೊಡುತ್ತದೆ. ಮಧ್ಯೆ ಮಧ್ಯೆ ಬರುವ ಬಸಾಲ್ಟ್ ಪಟ್ಟಿಗಳು ಸೋಪು ಹಚ್ಚಿದ ಹಾಗೆ. ನುಣ್ಣಗಿನ ಕಪ್ಪು ಕಲ್ಲು ಕಂಡಲ್ಲಿ ಕಾಲಿಡುವ ಮೊದಲು ಯೋಚಿಸಿ.

ತಿಂಡಿಗೆ ಮಳೆಯಲ್ಲಿ ನಿಂತು ಒಂದೇ ಕೈಯಲ್ಲಿ ತಿನ್ನುವಂಥದ್ದು. ಶೇಂಗಾ ಚಿಕ್ಕಿ, ಅಂಟಿನುಂಡೆ, ಚಪಾತಿಗೆ ಬೆಲ್ಲ ತುಪ್ಪ ಸವರಿ ಸುತ್ತಿದ್ದು. ಬಾಕ್ಸಿನ ಚಿತ್ರಾನ್ನಕ್ಕೆ ಚಮಚ ಹಿಡಿಯಲು ಬೆರಳು ಬೇಕು, ಅದು ಇರುವುದಿಲ್ಲ. ಫ್ಲಾಸ್ಕಿನಲ್ಲಿ ಸಕ್ಕರೆ ಜಾಸ್ತಿ ಹಾಕಿದ ಚಹಾ.

ಹತ್ತುವ ದಿನ

ಹೊರಡುವುದು ಸ್ಲಿಗಖನ್‌ನಿಂದ. ಗ್ಲಾಸ್ಗೋ ಮತ್ತು ಇನ್ವರ್ನೆಸ್‌ನಿಂದ ದ್ವೀಪದ ಮುಖ್ಯ ಊರಾದ ಪೋರ್ಟ್ರೀಗೆ ಹೋಗುವ ಬಸ್ಸುಗಳು ಅಲ್ಲೇ ನಿಲ್ಲುತ್ತವೆ. ಹಳೆಯ ಹೋಟೆಲ್ ಒಂದಿದೆ, ಕ್ಯಾಂಪ್ ಹಾಕುವ ಜಾಗವಿದೆ. ಡನ್ವೆಗನ್ ರಸ್ತೆಯಲ್ಲಿ ಸ್ವಲ್ಪ ಹೋಗಿ ಎಡಕ್ಕೆ ಹೊರಳಿದರೆ ಔಲ್ಟ್ ಜೆರಗ್ ಮೋರ್, ಅಂದರೆ ದೊಡ್ಡ ಕೆಂಪು ಹಳ್ಳ. ಅದರ ದಂಡೆ ಹಿಡಿದು ಗಂಟೆಗೂ ಹೆಚ್ಚು ನಡಿಗೆ. ಏರು ಕಡಿಮೆ, ಹುದುಲು ಜಾಸ್ತಿ. ಇಲ್ಲೇ ಬೆವರಬೇಡಿ. ಮೈ ಬಿಸಿಯಾದರೆ ಫ್ಲೀಸ್ ತೆಗೆಯಿರಿ. ಬೆವರಿನಿಂದ ನೆನೆದರೂ ಮಳೆಯಿಂದ ನೆನೆದರೂ ಮೇಲೆ ಹೋದಾಗ ಚಳಿ ಒಂದೇ.

ಗೈಡ್ ಈ ಹೊತ್ತಿನಲ್ಲಿ ಸುಮ್ಮನೆ ಹರಟೆ ಹೊಡೆಯುವ ಹಾಗೆ ಕಾಣುತ್ತಾನೆ. ಅಸಲಿಗೆ ನಿಮ್ಮ ಉಸಿರು, ಹೆಜ್ಜೆ, ಬೂಟು ನೋಡುತ್ತಿರುತ್ತಾನೆ. ನಮ್ಮ ಗೈಡ್ ಸ್ಕೈ ದ್ವೀಪದವನೇ, ಮನೆಯಲ್ಲಿ ಗೇಲಿಕ್ ಮಾತಾಡಿ ಬೆಳೆದವನು. ಪ್ರತಿ ಹೆಸರನ್ನೂ ನಮ್ಮಿಂದ ಎರಡು ಸಲ ಹೇಳಿಸಿದ. 'ಬ್ಯಾಲಖ್'ನ ಕೊನೆಯ ಅಕ್ಷರ ಗಂಟಲಿನಿಂದ ಬರಬೇಕು. ಹೈದರಾಬಾದಿನಲ್ಲಿ ಎಂಟು ವರ್ಷ ಇದ್ದ ಭಾವ ಉರ್ದುವಿನ ದೆಸೆಯಿಂದ ಅದನ್ನು ನನಗಿಂತ ಚೆನ್ನಾಗಿ ಹೇಳಿದರು.

ಹಳ್ಳ ದಾಟುವ ಜಾಗಕ್ಕೆ ಬಂದಾಗ ನೀರು ನೋಡಿ. ಕೂಲಿನ್ ಬಂಡೆ ನೀರು ಕುಡಿಯುವುದಿಲ್ಲ. ಮಳೆ ಬಿದ್ದ ಸ್ವಲ್ಪ ಹೊತ್ತಿಗೇ ಹಳ್ಳ ಏರುತ್ತದೆ. ಬೆಳಗ್ಗೆ ಪಾದ ಮುಳುಗುತ್ತಿದ್ದದ್ದು ಸಂಜೆ ತೊಡೆಗೆ ಬಂದಿರಬಹುದು. ದಾಟುವಾಗ ವಾಪಸ್ ಬರುವುದನ್ನೂ ಯೋಚಿಸಬೇಕು. ಮೊಣಕಾಲಿಗಿಂತ ಮೇಲೆ ರಭಸದ ನೀರಿದ್ದರೆ ಇಳಿಯಬೇಡಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಂಡು, ಗೈಡ್ ಹೇಳಿದ ಹಾಗೆ ಒಬ್ಬರನ್ನೊಬ್ಬರು ಹಿಡಿದು ದಾಟಿ.

ಆಮೇಲೆ ಫ್ಯೂನ್ ಖೊರ. ಬಿಳಿಚು ಹಂಡೆ. ಕೂಲಿನ್‌ನ ಉಳಿದ ಕೊಳ್ಳಗಳು ಬಹುಪಾಲು ಕಪ್ಪು ಕಲ್ಲು, ಇದರೊಳಗೆ ಹುಲ್ಲಿದೆ. ಹೆಸರು ಬಂದದ್ದು ಅದರಿಂದ ಅನ್ನುತ್ತಾರೆ. ಹುಲ್ಲು ಮುಗಿದು ಕಲ್ಲು ಶುರುವಾದಾಗ ಕೊಳ್ಳದ ಅರ್ಧ ದಾಟಿದ್ದೀರಿ ಅಂತ ಲೆಕ್ಕ. ಮೋಡ ಇಲ್ಲೇ ಇಳಿಯುತ್ತದೆ. ಸಾಲಾಗಿ ನಡೆಯಿರಿ. ಮುಂದಿನವರ ಬ್ಯಾಗು ಸದಾ ಕಾಣುತ್ತಿರಬೇಕು. ಮೂತ್ರಕ್ಕೆ ಹೋಗುವುದಿದ್ದರೂ ಹೇಳಿ ಹೋಗಿ. ನಾಚಿಕೆಗೆ ಹತ್ತು ಹೆಜ್ಜೆ ಆಚೆ ಹೋದವರು ಮತ್ತೆ ಸಿಗದೆ ಕೂಗಾಡಿದ್ದನ್ನು ನಾನೇ ನೋಡಿದ್ದೇನೆ.

ಕೊಳ್ಳದ ತಲೆಯಲ್ಲಿ ಸಡಿಲ ಕಲ್ಲಿನ ಏರು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬೇಡಿ. ಕಲ್ಲು ಉರುಳಿದರೆ ತಕ್ಷಣ ಕೂಗಿ. ಅದು ಮುಗಿದರೆ ಬ್ಯಾಲಖ್ ನನ್ ಲಿಖ್ಯ, ಚಪ್ಪಟೆ ಕಲ್ಲುಗಳ ತಗ್ಗು. ಅಲ್ಲಿಂದ ಬಲಕ್ಕೆ, ಪಶ್ಚಿಮಕ್ಕೆ ಸಾಲಿನ ಮೇಲೆ ಸುಮಾರು 20 ನಿಮಿಷ ಹೋದರೆ ತುದಿ. ತುದಿಯಲ್ಲಿ ಸರ್ವೆಯವರ ಸಿಮೆಂಟು ಕಂಬ ಒಂದಿದೆ. ಮೋಡದಲ್ಲಿ ತುದಿಗೆ ಬಂದದ್ದು ಖಚಿತವಾಗುವುದು ಅದನ್ನು ಮುಟ್ಟಿದಾಗ.

ತಿರುಗುವುದು

ನಾವು ಅದನ್ನು ಮುಟ್ಟಲಿಲ್ಲ.

ಬ್ಯಾಲಖ್‌ಗೆ ಬಂದು ತಲೆ ಎತ್ತಿದ್ದೇ ಗಾಳಿ ಎದೆಗೆ ಗುದ್ದಿತು. ಗೈಡ್ ಬ್ಯಾಗಿನಿಂದ ಒಂದು ಕೆಂಪು ಚೀಲ ಎಳೆದ. ಅದಕ್ಕೆ 'ಬಾಥಿ ಬ್ಯಾಗ್' ಅನ್ನುತ್ತಾರೆ. ಗೇಲಿಕ್‌ನಲ್ಲಿ 'ಬೊಹನ್' ಅಂದರೆ ಗುಡಿಸಲು. ಗುಡ್ಡಗಳಲ್ಲಿ ಯಾರು ಬೇಕಾದರೂ ತಂಗುವ ಕಲ್ಲಿನ ಗುಡಿಸಲಿಗೆ ಇಂಗ್ಲಿಷಿನವರೂ ಬಾಥಿ ಅನ್ನುತ್ತಾರೆ. ಚೀಲಕ್ಕೆ ಕಂಬ ಇಲ್ಲ, ಹಗ್ಗ ಇಲ್ಲ. ಮೂವರೂ ಅದನ್ನು ತಲೆಯ ಮೇಲಿಂದ ಎಳೆದುಕೊಂಡು ಚೀಲದ ಅಂಚಿನ ಮೇಲೆ ಕೂತೆವು. ಎರಡು ನಿಮಿಷಕ್ಕೆ ಒಳಗೆ ಬೆಚ್ಚಗಾಯಿತು. ಹೊರಗೆ ಚೀಲ ಪಟಪಟ ಬಡಿಯುತ್ತಿತ್ತು.

ಗೈಡ್ ಚಹಾ ಕೊಟ್ಟ. ಭಾವನಿಗೆ ಚಿಕ್ಕಿಯ ಪೊಟ್ಟಣ ಕೊಟ್ಟು ಬಿಚ್ಚಿ ಅಂದ. ಸತ್ಕಾರ ಅಂದುಕೊಂಡೆ. ಭಾವ ಹಲ್ಲಿನಿಂದ ಕಚ್ಚಿದರು, ಅಂಗೈಗಳ ನಡುವೆ ಒತ್ತಿದರು, ಪೊಟ್ಟಣ ಬಿಚ್ಚಲಿಲ್ಲ. ಅದು ಪರೀಕ್ಷೆ. ಜಾಕೆಟ್ಟಿನ ಜಿಪ್ಪು ಅರ್ಧಕ್ಕೇ ತೆರೆದಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಗೈಡ್ ಎಳೆದು ಹಾಕಿದ, ತನ್ನ ಒಣ ಕೈಗವಸು ತೊಡಿಸಿದ. "ಇಲ್ಲಿಂದ ಇಳಿಯೋಣ" ಅಂದ. ಇನ್ನು 20 ನಿಮಿಷ ಅಷ್ಟೇ ಅಲ್ವಾ ಅಂತ ನಾನು ಬಾಯಿ ತೆಗೆದೆ. ಅವನು ಸುಮ್ಮನೆ ಭಾವನ ಕೈ ಕಡೆ ನೋಡಿದ.

ಮೈ ತಣ್ಣಗಾಗುವುದಕ್ಕೆ ನಾಲ್ಕು ಗುರುತು: ಎಡವುವುದು, ತೊದಲುವುದು, ಕೈಯಿಂದ ಸಾಮಾನು ಬೀಳಿಸುವುದು, ಕಾರಣವಿಲ್ಲದೆ ಗೊಣಗುವುದು. ಆದವರಿಗೆ ಅದು ತಿಳಿಯುವುದಿಲ್ಲ, ಪಕ್ಕದವರು ನೋಡಬೇಕು. ನಡುಕ ಇರುವವರೆಗೆ ತಿಂಡಿ, ಬಿಸಿ ಪಾನೀಯ, ಒಣ ಬಟ್ಟೆಯಿಂದ ಸರಿಹೋಗುತ್ತದೆ. ಬಟ್ಟೆ ನೆನೆದೇ ಇದ್ದು ನಡುಕ ನಿಂತು, ಮಾತು ತಪ್ಪಿದರೆ ಅದು ಅಪಾಯದ ಹಂತ. ಬ್ರಾಂದಿ ಕೊಡಬೇಡಿ, ಕೈಕಾಲು ಉಜ್ಜಬೇಡಿ. ಗಾಳಿಯಿಂದ ಮರೆ ಮಾಡಿ, ನೆಲದ ತಣ್ಪು ತಾಗದಂತೆ ಬ್ಯಾಗಿನ ಮೇಲೆ ಕೂರಿಸಿ, ಸಹಾಯಕ್ಕೆ ಕರೆಯಿರಿ.

ಕರೆಯುವುದು ಹೀಗೆ. 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಬೇಕು. ನೇರ ಆಂಬ್ಯುಲೆನ್ಸ್ ಕೇಳಿದರೆ ಹೊತ್ತು ಹಾಳು. ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಮೆಸೇಜ್ ವಾಸಿ. ಅದಕ್ಕೆ ಮೊದಲೇ, ಊರಲ್ಲಿರುವಾಗಲೇ, ಬ್ರಿಟಿಷ್ ಸಿಮ್ಮಿನಿಂದ 'ರಿಜಿಸ್ಟರ್' ಅನ್ನುವ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಕಳಿಸಿ ನೋಂದಾಯಿಸಿಕೊಳ್ಳಬೇಕು. ಫೋನೇ ಸತ್ತರೆ ಸೀಟಿ: ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು. ಬರುವವರು ಊರಿನ ಸ್ವಯಂಸೇವಕರು. ದುಡ್ಡು ಕೇಳುವುದಿಲ್ಲ.

ಕೆಳಗೆ ಬಂದ ಮೇಲೆ

ಇಳಿಯುವಾಗ ಗಾಳಿ ನಿಂತರೆ ಖುಷಿಪಡಬೇಡಿ. 'ಮೆನವ್ ಖೂಲಾಗ್', ಅಂದರೆ ಪುಟಾಣಿ ನೊಣ, ಮೋಡವಾಗಿ ಬಂದು ಮುತ್ತುತ್ತದೆ. ಇಂಗ್ಲಿಷಿನಲ್ಲಿ ಮಿಜ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರದೇ ರಾಜ್ಯ. ತಲೆಗೆ ಹಾಕುವ ಬಲೆ ಐದಾರು ಪೌಂಡಿಗೆ ಸಿಗುತ್ತದೆ. ನಗುವವರು ನಗಲಿ.

ಗೈಡಿಗೆ 'ತಾಪ ಲೇವ್' ಅಂತ ಹೇಳಿ, ಅದು ಧನ್ಯವಾದದ ಬಹುವಚನ. ಮರುದಿನ ಕಾಲು ಏಳದಿದ್ದರೆ ಸ್ಲಿಗಖನ್ ಸೇತುವೆ ಹತ್ತಿರದ ಕಂಚಿನ ಪ್ರತಿಮೆ ನೋಡಿ. 2020ರಲ್ಲಿ ನಿಲ್ಲಿಸಿದ್ದು. ಜಾನ್ ಮೆಕೆನ್ಜಿ ಮತ್ತು ಅವನ ಜೊತೆ ವರ್ಷಗಟ್ಟಲೆ ಕೂಲಿನ್ ಸುತ್ತಿದ ಲಂಡನ್ನಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ನಾರ್ಮನ್ ಕಾಲಿ, ಇಬ್ಬರೂ ಇದ್ದಾರೆ. ಒಂದು ಬಂಡೆಯ ಮೇಲೆ ಬಿದ್ದ ನೆರಳನ್ನು 1899ರಲ್ಲಿ ಕಂಡ ಕಾಲಿ, ಆ ನೆರಳು ಬೀಳಿಸಿದ ಬಂಡೆಯನ್ನು 1906ರಲ್ಲಿ ಮೆಕೆನ್ಜಿ ಜೊತೆ ಹತ್ತಿದ. ಸ್ಟ್ರುಆನ್ ಊರಿನ ಸ್ಮಶಾನದಲ್ಲಿ ಇಬ್ಬರ ಸಮಾಧಿಯೂ ಹತ್ತಿರ ಹತ್ತಿರ ಇವೆ. ಗೈಡಿನ ಪಕ್ಕದಲ್ಲೇ ಮಲಗಬೇಕು ಅಂತ ಪ್ರಾಧ್ಯಾಪಕ ಬಯಸಿದನಂತೆ.

ನಾನು ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ ಆ ಸಿಮೆಂಟು ಕಂಬ ಮುಟ್ಟಿ ಬಂದೆ. ಆಗಲೂ ಮೋಡವೇ, ಏನೂ ಕಾಣಲಿಲ್ಲ. ಕಂಬದ ಫೋಟೋ ಭಾವನಿಗೆ ಕಳಿಸಿದೆ. "ಇದು ನಮ್ಮೂರ ನೀರಿನ ಟ್ಯಾಂಕಿನ ಪಕ್ಕದ್ದಲ್ವಾ?" ಅಂತ ಉತ್ತರ ಬಂತು.

ಇನ್ನು ಬೂಟು. ಲೇಸು ಪೂರ್ತಿ ಬಿಚ್ಚಿ, ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುರುಕಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಬೇಗ ಒಣಗಲಿ ಅಂತ ಹೀಟರಿನ ಮೇಲೆ ಇಡಬೇಡಿ, ತಳದ ಅಂಟು ಬಿಡುತ್ತದೆ. ಭಾವನದು ಎಡಗಾಲಿನದು ಬಿಟ್ಟಿತು.